ಚಕ್ರದಡಿಯ ನಿಂಬೆಹಣ್ಣು

ಆಯುಧಪೂಜೆಯ ದಿನ ಪೂಜೆಗಿಟ್ಟ ಸ್ಪ್ಯಾನರನ್ನು ಮಾರನೆಯ ದಿನ ಪೂಜೆ ಕದಲಿಸುವವರೆಗೂ ನಾವು ಮುಟ್ಟುವುದಿಲ್ಲ. ತಹಶೀಲ್ದಾರರೇ ಪಂಕ್ಚರ್ ಆದ ಸ್ಕೂಟರ್ ತಳ್ಳಿಕೊಂಡು ಬಂದು ನನ್ನ ಅಂಗಡಿಯ ಮುಂದೆ ನಿಂತರೂ ಇಲ್ಲ. ಇದು ಕೆ.ಆರ್. ನಗರದ ಪ್ರತಿ ಗ್ಯಾರೇಜಿನವನಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಆ ಹಬ್ಬವನ್ನು ಆರಿಸಿಕೊಂಡ. ಇಷ್ಟು ವರ್ಷವಾದರೂ ಇದನ್ನು ಬರೆಯುವಾಗ ನನ್ನ ಸಿಟ್ಟು ಇಳಿದಿಲ್ಲ.

ಅವನು ಅಂದರೆ ನನ್ನ ಸ್ನೇಹಿತ. ಒಂದೇ ಬೀದಿ, ಒಂದೇ ಶಾಲೆ, ಒಂದೇ ಬೆಂಚು. ಅವನ ಮನೆಯ ಮುದ್ದೆ ನಾನು ಉಂಡಿದ್ದೇನೆ, ನಮ್ಮ ಅವ್ವನ ಕೈಯ ಏಟು ಅವನು ತಿಂದಿದ್ದಾನೆ. ಆಗ ಊರಿನ ಮೇಲೆ ಉಗಿಬಂಡಿ ಓಡುತ್ತಿತ್ತು. ಸಂಜೆಯ ಗಾಡಿ ಸ್ಟೇಷನ್ ಬಿಡುವಾಗ ಉದ್ದಕ್ಕೆ ಒಂದು ಕೂಗು ಹಾಕುತ್ತಿತ್ತು. ಆ ಕೂಗು ಕೇಳಲು ನಾವಿಬ್ಬರೂ ಪುಸ್ತಕ ಎಸೆದು ರೈಲ್ವೆ ಗೇಟಿಗೆ ಓಡುತ್ತಿದ್ದೆವು. ದೊಡ್ಡವರಾದ ಮೇಲೆ ನಾನು ಸೈಕಲ್ ಅಂಗಡಿ ಇಟ್ಟೆ, ಅವನು ಟೆಂಪೋ ಇಟ್ಟ. ತೊಂಬತ್ತರ ದಶಕದಲ್ಲಿ ಹಳಿ ಅಗಲವಾಯಿತು, ಉಗಿಬಂಡಿ ಹೋಗಿ ಡೀಸೆಲ್ ಬಂತು. ಡೀಸೆಲ್ ಗಾಡಿಯದು ಕೂಗಲ್ಲ, ಲಾರಿಯ ಹಾರ್ನು. ನಾವಿಬ್ಬರೂ ಟೀ ಕುಡಿಯುವಾಗಲೆಲ್ಲ ಅದನ್ನು ಬೈದುಕೊಳ್ಳುತ್ತಿದ್ದೆವು.

ನಮ್ಮಿಬ್ಬರಿಗೂ ಪಾಠ ಹೇಳಿದ್ದ ಚರಿತ್ರೆಯ ಮೇಷ್ಟ್ರು ನಿವೃತ್ತರಾದ ಮೇಲೆ ಎರಡು ಕೋಣೆಯ ಒಂದು ಮ್ಯೂಸಿಯಂ ಮಾಡಿದ್ದರು. ಹೊಲದ ಬದುವಿನಲ್ಲಿ ಬಿದ್ದಿದ್ದ ವೀರಗಲ್ಲು, ಸೇರು, ಬಳ್ಳ, ರಾಟೆ, ಯಾರದೋ ಅಜ್ಜನ ಪೇಟ. ಭಾನುವಾರ ಭಾನುವಾರ ಅಲ್ಲಿಗೆ ಹೋಗಿ ಧೂಳು ಒರೆಸುವುದು ನಮ್ಮ ಸೇವೆ. ಸಂಬಳ ಇಲ್ಲ, ಸಾರಿಗೆ ಇಲ್ಲ, ಮೇಷ್ಟ್ರ ಮನೆಯ ಕಾಫಿ ಮಾತ್ರ ಉಂಟು. ನಾವಿಬ್ಬರು, ಒಬ್ಬ ಟೈಲರ್, ಹಿಟ್ಟಿನ ಗಿರಣಿಯವನೊಬ್ಬ, ಇನ್ನೂ ಒಂದಿಬ್ಬರು. ಹೆಂಡತಿಯರಿಂದ ಬೈಸಿಕೊಳ್ಳುವ ಗುಂಪು ಅಂತ ಮೇಷ್ಟ್ರೇ ನಮಗೆ ಹೆಸರಿಟ್ಟಿದ್ದರು.

ಇಂಜಿನ್ ಸಿಕ್ಕಿದ್ದು ಒಂದು ಮುಚ್ಚಿದ ಅಕ್ಕಿಗಿರಣಿಯ ಹಿತ್ತಲಲ್ಲಿ. ಕಾಡಂಚಿನ ಕೋಟೆ ತಾಲ್ಲೂಕಿನಲ್ಲಿ ಹಿಂದೆ ಯಾವುದೋ ಕಟ್ಟೆ ಕಟ್ಟುವಾಗ ಕಲ್ಲು ಸಾಗಿಸಲು ತಂದಿದ್ದ ಪುಟ್ಟ ಉಗಿ ಇಂಜಿನ್ ಅದು. ಕೆಲಸ ಮುಗಿದ ಮೇಲೆ ಗಿರಣಿಯ ಸಾಹುಕಾರರ ತಂದೆ ಅದನ್ನು ಕೊಂಡು ತಂದು, ಅದರ ಬಾಯ್ಲರಿನ ಹಬೆಯಲ್ಲಿ ಕುಸುಬಲಕ್ಕಿಗೆ ಭತ್ತ ಬೇಯಿಸುತ್ತಿದ್ದರಂತೆ. ಚಕ್ರ ಬಿಚ್ಚುವ ಗೋಜಿಗೆ ಯಾರೂ ಹೋಗಿರಲಿಲ್ಲ. ತುಂಡು ಹಳಿಯ ಮೇಲೆ, ಮೊಣಕಾಲುದ್ದ ಹುಲ್ಲಿನಲ್ಲಿ, ಮೈತುಂಬ ತುಕ್ಕು ಹೊದ್ದು ನಿಂತಿತ್ತು. ಸಾಹುಕಾರರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ಮ್ಯೂಸಿಯಂಗೆ ಅಂದ್ರೆ ತಕ್ಕೊಳ್ರಪ್ಪ. ಊರಲ್ಲೇ ಇರ್ಲಿ, ಅಷ್ಟೇ ನಾನ್ ಕೇಳೋದು" ಅಂದರು. ಬಾಯಿಮಾತು. ನಮ್ಮ ಕಡೆ ಅದೇ ಸಾಕು ಅಂದುಕೊಂಡಿದ್ದೆವು.

ಗಿರಣಿಯಿಂದ ಆಚೆ ಬರುತ್ತಲೇ ಅವನು ನನ್ನ ಹೆಗಲ ಮೇಲೆ ಕೈ ಹಾಕಿದ.

"ಲೇ, ಇದನ್ನ ಬರೀ ಬಣ್ಣ ಒಡ್ದು ನಿಲ್ಸೋದ್ ಬ್ಯಾಡ ಕಣ್ಲಾ. ಬೆಂಕಿ ಆಕಾನ. ಕೂಗ್ಸಾನ."

ನಾನು ಅದನ್ನೇ ಯೋಚಿಸುತ್ತಿದ್ದೆ. ಹೇಳಿದರೆ ನಗುತ್ತಾನೆಂದು ಬಾಯಿ ಬಿಟ್ಟಿರಲಿಲ್ಲ. ಆವತ್ತಿನಿಂದ ನನಗೆ ಬೇಕಿದ್ದುದು ಅದೊಂದೇ: ಆ ಇಂಜಿನ್ ನಮ್ಮ ಊರಿನಲ್ಲಿ ಒಂದು ಸಲ ತನ್ನ ಹಬೆಯಲ್ಲಿ ಕೂಗಬೇಕು. ಮ್ಯೂಸಿಯಂ, ಚರಿತ್ರೆ, ಅದೆಲ್ಲ ಮೇಷ್ಟ್ರ ಪಾಲಿಗಿರಲಿ.

ಗಿರಣಿಯ ಹಿತ್ತಲಲ್ಲೇ ಎಷ್ಟು ಭಾನುವಾರ ಹೋಯಿತೋ ಲೆಕ್ಕ ಇಟ್ಟಿಲ್ಲ. ಹೊಗೆ ಹೋಗುವ ಕೊಳವೆಗಳಲ್ಲಿ ಭತ್ತದ ಹೊಟ್ಟಿನ ಬೂದಿ ಕಲ್ಲಾಗಿ ಕೂತಿತ್ತು. ಉದ್ದನೆಯ ಸರಳು ತೂರಿಸಿ ಕುಟ್ಟಿ ಕುಟ್ಟಿ ತೆಗೆದೆವು. ಚಿಮಣಿಯೊಳಗೆ ಗೊರವಂಕದ ಗೂಡು. ಮರಿ ಹಾರುವವರೆಗೆ ಚಿಮಣಿಯ ಕೆಲಸ ಮಾಡಕೂಡದೆಂದು ಟೈಲರ್ ಹಟ ಹಿಡಿದ. ಸರಿ ಬಿಡಪ್ಪ ಅಂತ ಚಕ್ರಕ್ಕೆ ಸೀಮೆಎಣ್ಣೆ ಕುಡಿಸುತ್ತ ಕೂತೆವು. ಸಂಜೆ ಮನೆಗೆ ಹೋದರೆ ನನ್ನ ಹೆಂಡತಿ, "ಆ ಕಪ್ಪು ಮೂತಿ ಇಟ್ಕೊಂಡು ಒಳಗ್ ಬರ್ಬೇಡಿ" ಅಂತ ಹಿತ್ತಲಿಗೆ ಅಟ್ಟುತ್ತಿದ್ದಳು. ಅವನೂ ನನ್ನ ಜೊತೆ ಅದೇ ಹಿತ್ತಲಲ್ಲಿ, ಅದೇ ಹಂಡೆಯ ನೀರಿನಲ್ಲಿ ಕೈ ತೊಳೆಯುತ್ತಿದ್ದ. ಬಾಯ್ಲರಿನ ಹೊಟ್ಟೆಯೊಳಗೆ ತೂರಿ ಮಲಗಿ ಸುಣ್ಣದ ಪದರ ಕೆರೆಯುವ ಕೆಲಸ ಅವನದೇ. ನನಗೆ ಹೊಟ್ಟೆ ಬಂದಿತ್ತು, ಅವನು ತೆಳ್ಳಗಿದ್ದ. ಒಳಗಿನಿಂದಲೇ ಬಯ್ಯುತ್ತಿದ್ದ, ಹಾಡುತ್ತಿದ್ದ. ಅವನು ಕೆಲಸಗಳ್ಳ ಅಂತ ನಾನು ಎಂದೂ ಹೇಳುವುದಿಲ್ಲ. ಹಾಗೆ ಹೇಳುವಂತಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಒಂದು ವಾರ ಗುಜರಿ ಕಳ್ಳರು ಬಂದು ಹಿತ್ತಾಳೆಯ ಎರಡು ನಲ್ಲಿ ಬಿಚ್ಚಿಕೊಂಡು ಹೋದರು. ಆಮೇಲೆ ಮೇಷ್ಟ್ರು ಒಂದು ಪದ್ಧತಿ ಮಾಡಿದರು. ಬಿಚ್ಚಲು ಬರುವ ಬೆಲೆಬಾಳುವ ಭಾಗಗಳನ್ನೆಲ್ಲ ಒಬ್ಬೊಬ್ಬರ ಮನೆಗೆ ಒಂದೊಂದು ಹಂಚಿದರು. ಒತ್ತಡ ತೋರಿಸುವ ಮುಳ್ಳಿನ ಗಡಿಯಾರ ಮೇಷ್ಟ್ರ ಮನೆಗೆ, ದೊಡ್ಡ ದೀಪ ಟೈಲರ್ ಮನೆಗೆ, ಹಬೆ ಬಿಡುವ ಹಿಡಿ ಹಿಟ್ಟಿನ ಗಿರಣಿಯವನ ಮನೆಗೆ. ಕೂಗುವ ಶಿಳ್ಳೆ ನನ್ನ ಮನೆಗೆ. ಎಲ್ಲರೂ ಒಪ್ಪಿ ಎಲ್ಲರೂ ತಂದರೆ ಮಾತ್ರ ಅದು ಇಂಜಿನ್, ಇಲ್ಲದಿದ್ದರೆ ಕಬ್ಬಿಣದ ಪೀಪಾಯಿ. ನಮ್ಮ ಅವ್ವ ಆ ಶಿಳ್ಳೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಪೂಜೆಯ ಚೊಂಬಿನ ಪಕ್ಕದಲ್ಲೇ ಇಟ್ಟಳು.

ಶಿಳ್ಳೆ ಬಂದ ಹೊಸದರಲ್ಲಿ ನನಗೆ ತಡೆಯಲಾಗಲಿಲ್ಲ. ಅಂಗಡಿಯಲ್ಲಿ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಇತ್ತು. ಅದರ ಟ್ಯಾಂಕಿಗೆ ಶಿಳ್ಳೆ ಕೂರುವ ಹಾಗೆ ಒಂದು ದಪ್ಪ ಪೈಪು, ಒಂದು ವಾಲ್ವು ಜೋಡಿಸಿ, ಊದಿ ನೋಡೋಣ ಬಾ ಎಂದು ಅವನನ್ನು ಕರೆದೆ. ಅವನು ಬಂದವನೇ ಪೈಪನ್ನು ನನ್ನ ಕೈಯಿಂದ ಕಿತ್ತುಕೊಂಡ.

"ಬ್ಯಾಡ ಕಣ್ಲಾ. ಪಂಕ್ಚರ್ ಗಾಳೀಲಿ ಕೂಗ್ಸಿ ಅದರ ಮರ್ಯಾದೆ ಕಳೀಬ್ಯಾಡ. ಅದರ ಉಸ್ರಲ್ಲೇ ಅದು ಕೂಗ್ಲಿ. ಆವತ್ತು ಇಬ್ರೂ ಒಟ್ಗೆ ಕೇಳಾನ. ಅಲ್ಲೀಗಂಟ ಊದಂಗಿಲ್ಲ, ಆಣೆ."

ಕೈ ಮೇಲೆ ಕೈ ಹಾಕಿಸಿಕೊಂಡ. ನಾನು ಪೈಪನ್ನು ಅಂಗಡಿಯ ಗೋಡೆಯ ಮೊಳೆಗೆ ನೇತು ಹಾಕಿದೆ.

ಆ ವರ್ಷ ದಸರೆಗೆ ಸ್ವಲ್ಪ ಮುಂಚೆ ಬಾಯ್ಲರಿಗೆ ನೀರು ತುಂಬಿ, ಕೈಪಂಪಿನಲ್ಲಿ ಒತ್ತಿ ನೋಡಿದೆವು. ಮೊದಲ ಸಲ ನಾಲ್ಕು ಕಡೆಯಿಂದ ಚಿಮ್ಮಿ ನಮ್ಮನ್ನೆಲ್ಲ ಒದ್ದೆ ಮಾಡಿತು. ಸೋರುವ ಕೊಳವೆಗಳನ್ನು ಬಿಗಿ ಮಾಡಿ ಮತ್ತೆ ಒತ್ತಿದೆವು. ಎರಡನೆಯ ಸಲ ಒಂದು ಹನಿ ಬೀಳಲಿಲ್ಲ. ಮೇಷ್ಟ್ರು ತಂದು ಬಿಗಿದಿದ್ದ ಗಡಿಯಾರದ ಮುಳ್ಳು ಏರಿದ್ದು ಏರಿದ ಜಾಗದಲ್ಲೇ ನಿಂತಿತು. ಟೈಲರ್ ಕೇಕೆ ಹಾಕಿದ. ಹಬ್ಬ ಮುಗಿದ ಮೇಲೆ ಬಾಯ್ಲರ್ ಇನ್ಸ್‌ಪೆಕ್ಟರನ್ನು ಕರೆಸಿ ತೋರಿಸುವುದು, ಅವರು ಹೂಂ ಅಂದರೆ ಬೆಂಕಿ ಹಾಕುವುದು ಎಂದು ಮೇಷ್ಟ್ರು ಹೇಳಿದರು. ನಾನು ಅವನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಸುಸ್ತಾಗಿರಬೇಕು ಅಂದುಕೊಂಡೆ.

ಆಯುಧಪೂಜೆಗೆ ಇಂಜಿನ್ನಿನ ಎಲ್ಲ ಭಾಗ ತಂದು ಜೋಡಿಸೋಣ ಎಂದವನು ಅವನೇ. "ವರ್ಷಕ್ಕೊಂದಿನ ಪೂಜೆ. ಒಡವೆ ಎಲ್ಲಾ ಮನೇಲಿಟ್ಟು ಮದುವಣಗಿತ್ತೀನ ಬರೀ ಕೈಲಿ ನಿಲ್ಸಕಾಯ್ತದಾ ಮೇಷ್ಟ್ರೇ?" ಅಂದ. ಮೇಷ್ಟ್ರು ನಕ್ಕು ಒಪ್ಪಿದರು. ಹಿಂದಿನ ದಿನವೇ ಎಲ್ಲರೂ ತಂತಮ್ಮ ಭಾಗ ತಂದು ಬಿಗಿದರು. ನನ್ನ ಶಿಳ್ಳೆ ಮಾತ್ರ ಬರಲಿಲ್ಲ. ಅವ್ವ ಅದನ್ನು ಆಗಲೇ ನನ್ನ ಸ್ಪ್ಯಾನರ್‌ಗಳ ಜೊತೆ ಪೂಜೆಗೆ ಇಟ್ಟುಬಿಟ್ಟಿದ್ದಳು. ಪೂಜೆಯ ದಿನ ಬೆಳಿಗ್ಗೆ ಅವನು ಮನೆಗೇ ಬಂದ.

"ಅವ್ವಾ, ಶಿಳ್ಳೆ ಕೊಡು. ಅದೊಂದಿಲ್ದೆ ಬೋಳು ಬೋಳಾಗೈತೆ."

"ಕುಂಕುಮ ಇಟ್ಟಾಯ್ತಲ್ಲಪ್ಪ. ನಾಳೆ ಕದಲಿಸಿದ್ಮೇಲೆ ತಕ್ಕೊಂಡೋಗು."

"ನಾಳೆ ಆಗಲ್ಲ ಕಣವ್ವ. ಇವತ್ತೇ ಬೇಕು."

"ಏನ್ಲಾ ಅಷ್ಟು ಅವಸರ? ಇಂಜಿನ್ ಏನ್ ಊರು ಬುಟ್ಟು ಓಯ್ತದಾ?"

ಅವನು ನಗಲಿಲ್ಲ. ಅವ್ವ ಕೊಟ್ಟ ಕೋಸಂಬರಿ ಕೂಡ ತಿನ್ನದೆ ಹೊರಟುಹೋದ. ನಾವು ಪೂಜೆಗೆ ಹೋಗುವಷ್ಟರಲ್ಲಿ ಇಂಜಿನ್ನಿನಲ್ಲಿ ಶಿಳ್ಳೆ ಕೂರಬೇಕಾದ ಜಾಗಕ್ಕೆ ಒಂದು ಚೆಂಡುಹೂವಿನ ಹಾರ ಸುತ್ತಿ ಮುಚ್ಚಿದ್ದ.

ಪೂಜೆ ಜೋರಾಗಿಯೇ ಆಯಿತು. ಇಂಜಿನ್ನಿಗೆ ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದೆವು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟೆವು. ಲಾರಿ, ಟ್ರ್ಯಾಕ್ಟರ್ ಆದರೆ ಸ್ವಲ್ಪ ಮುಂದಕ್ಕೆ ಓಡಿಸಿ ಹಣ್ಣನ್ನು ಅರೆಸುತ್ತಾರೆ. ಇದು ಓಡುವುದಿಲ್ಲವಲ್ಲ. ಹಿಟ್ಟಿನ ಗಿರಣಿಯವನು ಕೈಯಲ್ಲೇ ಜಜ್ಜಿಬಿಡೋಣ ಅಂದ. ನಾನು ಬಿಡಲಿಲ್ಲ. "ಇರ್ಲಿ ಬುಡು. ಬೆಂಕಿ ಆಕಿದ್ ದಿನ ತಾನೇ ಉರುಳಿ ಅರೀಲಿ" ಅಂದೆ. ಎಲ್ಲರಿಗೂ ಮಾತು ಹಿಡಿಸಿತು. ನಿಂಬೆಹಣ್ಣು ಹಾಗೇ ಉಳಿಯಿತು.

ಮಾರನೆಯ ದಿನ ವಿಜಯದಶಮಿ. ಜಂಬೂಸವಾರಿಗೆ ಎಲ್ಲರನ್ನೂ ಸಂಸಾರ ಸಮೇತ ಮೈಸೂರಿಗೆ ಕಳಿಸುತ್ತೇನೆಂದು ಅವನು ತನ್ನ ಟೆಂಪೋ ಕೊಟ್ಟ, ಡ್ರೈವರನ್ನೂ ಗೊತ್ತು ಮಾಡಿದ. "ನೀನೂ ಬಾರ್ಲಾ" ಅಂದೆ. "ಹಿತ್ತಾಳೆ ಎಲ್ಲಾ ಮೈಮೇಲೈತಲ್ಲಾ, ಕಳ್ರು ಬಂದ್ರೆ? ನಾನ್ ಕಾವ್ಲಿರ್ತೀನಿ. ನೀವು ಆನೆ ನೋಡ್ಕೊಂಡ್ ಬನ್ನಿ" ಅಂದ. ನನ್ನ ಹೆಂಡತಿ ದಾರಿಯುದ್ದಕ್ಕೂ ಅವನನ್ನು ಹೊಗಳಿದಳು. ಮೇಷ್ಟ್ರು ಅವನಿಗಾಗಿ ಮೈಸೂರಿನಲ್ಲಿ ಕಾಲು ಕೆ.ಜಿ. ಮೈಸೂರುಪಾಕು ಕಟ್ಟಿಸಿಕೊಂಡರು. ಅಯ್ಯೋ, ನಮ್ಮ ಬುದ್ಧಿಗೆ!

ಊರು ಮುಟ್ಟಿದಾಗ ಬೀದಿ ದೀಪ ಹತ್ತುತ್ತಿತ್ತು. ಇಂಜಿನ್ ಮೇಲೆ ಎರಡು ಬನ್ನಿ ಎಲೆ ಇಟ್ಟು ಮನೆಗೆ ಹೋಗೋಣ ಎಂದಳು ಅವ್ವ. ಟೆಂಪೋವನ್ನು ಗಿರಣಿಯ ಹಿತ್ತಲಿಗೇ ತಿರುಗಿಸಿದೆವು. ಹಿತ್ತಲು ಬಟಾಬಯಲು. ತುಂಡು ಹಳಿ ಇತ್ತು. ಬಾಳೆಕಂದು ಮುರಿದು ಬಿದ್ದಿತ್ತು. ಹುಲ್ಲಿನ ಮೇಲೆ ದೊಡ್ಡ ಟ್ರೈಲರಿನ ಟೈರು ಹೋದ ಗುರುತು, ಅದರ ತುಂಬ ನಲುಗಿದ ಚೆಂಡುಹೂವು. ಕಳ್ಳರು ಬಂದು ಅವನನ್ನು ಏನು ಮಾಡಿದರೋ ಎಂದು ನಾನು ಅವನ ಹೆಸರು ಹಿಡಿದು ಕೂಗುತ್ತ ಗಿರಣಿಯ ಸುತ್ತ ಓಡಿದೆ. ಹೌದು, ಅವನಿಗೆ ಏಟು ಬಿದ್ದಿರಬಹುದೆಂದು ಹೆದರಿ ಓಡಿದೆ.

ತಿರುಗಿ ಬಂದಾಗ ಅವ್ವ ಹಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. "ನಿಂಬೆಹಣ್ಣು ಅರ್ದೋಗಿದೆ ಕಣಪ್ಪ" ಅಂದಳು. ನಾಲ್ಕೂ ಹಳಿಗೆ ಅಂಟಿಕೊಂಡಿದ್ದವು. ಎಳೆದು ಟ್ರೈಲರಿಗೆ ಹತ್ತಿಸುವಾಗ ಚಕ್ರ ಉರುಳಿದೆ. ನಾವು ಸೀಮೆಎಣ್ಣೆ ಕುಡಿಸಿ ಕುಡಿಸಿ ಬಿಡಿಸಿದ್ದ ಚಕ್ರ ಅಷ್ಟು ವರ್ಷಗಳಲ್ಲಿ ಮೊದಲ ಸಲ ಉರುಳಿದಾಗ ನಾವು ಮೈಸೂರಿನ ಬೀದಿಯಲ್ಲಿ ಕಡಲೆಕಾಯಿ ತಿನ್ನುತ್ತಿದ್ದೆವು.

ಮೇಷ್ಟ್ರು ಅಲ್ಲಿಂದಲೇ ಸಾಹುಕಾರರ ಮನೆಗೆ ಹೋದರು. ಸಾಹುಕಾರರು ಕಣ್ಣು ಕಣ್ಣು ಬಿಟ್ಟರು. "ಅವ್ನೇ ಬಂದು ಹೇಳಿದ್ನಲ್ಲ ಮೇಷ್ಟ್ರೇ. ಕೋಟೆ ಕಡೆ ರೆಸಾರ್ಟಿನವ್ರು ಚೆನ್ನಾಗ್ ನೋಡ್ಕೋತಾರೆ, ನೀವೆಲ್ಲ ಒಪ್ಪಿದೀರಿ ಅಂತ. ನೀವ್ ಒಪ್ಪಿರ್ಲಿಲ್ವೇ?" ಅಂದರು. ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಎಂದು ನಾನು ಎಗರಾಡಿದೆ. ಮೇಷ್ಟ್ರು ಜಗಲಿಯ ಮೇಲೆ ಕೂತುಬಿಟ್ಟರು. "ನನ್ ಕೈಲಿ ಓದಿದ ಹುಡುಗ ಕಣಯ್ಯ. ಅವನ ಮೇಲೆ ನಾನು ಕಂಪ್ಲೇಂಟ್ ಬರೀಲಾ?" ಅಂದರು. ಮೈಸೂರುಪಾಕಿನ ಪೊಟ್ಟಣ ಇನ್ನೂ ಅವರ ಕೈಯಲ್ಲೇ ಇತ್ತು.

ಎರಡು ವಾರ ಕಳೆದ ಮೇಲೆ ನಾನೊಬ್ಬನೇ ಹೊರಟೆ. ಹುಣಸೂರಿನಲ್ಲಿ ಬಸ್ಸು ಬದಲಿಸಿ, ಕೋಟೆಯಲ್ಲಿ ಇಳಿದು, ಅಲ್ಲಿಂದ ಒಂದು ಜೀಪು ಹತ್ತಿ ಹಿನ್ನೀರಿನ ದಡಕ್ಕೆ ಹೋದೆ. ರೆಸಾರ್ಟಿನ ಗೇಟಿನ ಒಳಗೇ ಇಂಜಿನ್ ನಿಂತಿತ್ತು. ಗುರುತೇ ಸಿಗಲಿಲ್ಲ. ಸರ್ಕಸ್ಸಿನ ಗಾಡಿಯ ಹಾಗೆ ಕೆಂಪು, ಹಳದಿ ಬಣ್ಣ ಬಳಿದಿದ್ದರು. ಅವನು ಹಸಿರು ಶರ್ಟು ತೊಟ್ಟು ಬಂದ. ರೆಸಾರ್ಟಿನ ಸಫಾರಿ ಜೀಪುಗಳೆಲ್ಲ ಈಗ ಅವನ ಉಸ್ತುವಾರಿಯಂತೆ. ಇಂಜಿನ್ ತಂದುಕೊಟ್ಟವನಿಗೆ ಆ ಕೆಲಸ ಎಂದು ಮೊದಲೇ ಮಾತಾಗಿತ್ತಂತೆ. ಮುಚ್ಚಿಡದೆ ಅವನೇ ಹೇಳಿದ.

"ಟೆಂಪೋ ಓಡ್ಸಿ ಓಡ್ಸಿ ಬೆನ್ನು ಬಿದ್ದೋಗದೆ ಕಣ್ಲಾ. ನಿಂಗೇನು, ನೆಳ್ಳಲ್ಲಿ ಕೂತ್ಕೊಂಡು ಪಂಕ್ಚರ್ ಆಕ್ತೀಯ. ಅಲ್ಲಿ ಆ ಇತ್ಲಲ್ಲಿ ಯಾರ್ ನೋಡ್ತಿದ್ರು ಅದ್ನ? ಇಲ್ಲಿ ಫಾರಿನ್ನೋರು ಪಕ್ಕದಾಗ್ ನಿಂತು ಫೋಟೋ ಒಡಿಸ್ಕತಾರೆ. ಅದೂ ಅಲ್ದೆ ಇದು ಈ ಸೀಮೇದೇ ತಾನೇ? ತವರಿಗೆ ಬಂದಂಗಾಯ್ತು ಬುಡು."

ಎಷ್ಟು ಚೆನ್ನಾಗಿ ಕಲಿತುಕೊಂಡಿದ್ದ ಮಾತು! ಬೈಯಲು ಬಾಯಿ ತೆರೆದೆ. ಆಗ ಕಣ್ಣಿಗೆ ಬಿತ್ತು. ಬಾಯ್ಲರಿನ ಉದ್ದಕ್ಕೂ ಸಾಲಾಗಿ ತೂತು ಕೊರೆದಿದ್ದರು. ಪ್ರತಿ ತೂತಿನಲ್ಲೂ ಒಂದೊಂದು ಬಣ್ಣದ ಬಲ್ಬು. ಒಂದು ಹನಿ ಸೋರದ ಹಾಗೆ ನಾವು ಕಾಪಾಡಿದ್ದ ಹೊಟ್ಟೆ. ಇನ್ನು ಅದರಲ್ಲಿ ಹಬೆ ನಿಲ್ಲುವುದಿಲ್ಲ, ಈ ಜನ್ಮದಲ್ಲಿ ಅದು ಕೂಗುವುದಿಲ್ಲ. ನಾನು ಒಂದು ತೂತಿನ ಅಂಚನ್ನು ಬೆರಳಲ್ಲಿ ಮುಟ್ಟಿದೆ.

"ಇದನ್ ಕೊರ್ಯೋವಾಗ ನೀನ್ ಇದ್ಯಾ?" ಎಂದು ಕೇಳಿದೆ.

"ಇದ್ದೆ" ಅಂದ. ನಾನು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಕೋಟೆಯವರೆಗೆ ನಡೆದುಕೊಂಡೇ ಬಂದು ಬಸ್ಸು ಹತ್ತಿದೆ.

ಆಮೇಲೆ ನಮ್ಮ ಭಾನುವಾರಗಳು ನಿಂತವು. ಮೇಷ್ಟ್ರು ಮ್ಯೂಸಿಯಂ ಬಾಗಿಲು ತೆಗೆಯುವುದು ಅಪರೂಪವಾಯಿತು. ಶಿಳ್ಳೆ ಮಾತ್ರ ಅವ್ವನ ಚೊಂಬಿನ ಪಕ್ಕದಲ್ಲೇ ಉಳಿಯಿತು. ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವನು ಬೈಕಿನಲ್ಲಿ ಬಂದು ಅಂಗಡಿಯ ಮುಂದೆ ಇಳಿದ. ಕ್ಷಮೆ ಕೇಳಲು ಬಂದನೇನೋ ಎಂದು ಒಂದು ಗಳಿಗೆ ಆಸೆಪಟ್ಟೆ. ಯಾಕೆ ಸುಳ್ಳು ಹೇಳಲಿ, ಕೇಳಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ. ಅವನು ಸ್ಟೂಲಿನ ಮೇಲೆ ಕೂತು ಹಳೆಯ ಸಲಿಗೆಯಲ್ಲೇ ಮಾತು ತೆಗೆದ.

"ಶಿಳ್ಳೆ ಕೊಟ್ಬುಡ್ಲಾ. ಫೋಟೋದಲ್ಲಿ ಆ ಜಾಗ ಬೋಳಾಗ್ ಕಾಣ್ತದೆ ಅಂತ ಮ್ಯಾನೇಜರು ಒಂದೇ ಸಮ ತಲೆ ತಿಂತಾವ್ನೆ. ನೀನಾದ್ರೂ ಅದ್ನ ಇಟ್ಕೊಂಡ್ ಏನ್ ಮಾಡೀಯ? ಇನ್ನೇನ್ ಅದು ಕೂಗ್ತದಾ?"

ನನಗೆ ಸಿಟ್ಟು ನೆತ್ತಿಗೇರಿತು. ಎದ್ದೆ. ಅಂಗಡಿಯ ಹಿಂದೆಯೇ ಮನೆ. ಒಳಗೆ ಹೋಗಿ ಶಿಳ್ಳೆ ತಂದೆ. ಗೋಡೆಯ ಮೊಳೆಯಿಂದ ಆ ದಪ್ಪ ಪೈಪು ತೆಗೆದೆ. ಕಂಪ್ರೆಸರಿನ ಟ್ಯಾಂಕು ತುಂಬಿತ್ತು. ನಾನು ಏನು ಮಾಡುತ್ತಿದ್ದೇನೆಂದು ಅವನಿಗೆ ತಿಳಿಯಿತು. "ಲೇ, ಆಣೆ ಆಕಿದ್ವಲ್ಲಾ" ಅಂದ. ಆಣೆಯಂತೆ! ಅವನ ಬಾಯಲ್ಲಿ! ಶಿಳ್ಳೆಯನ್ನು ಬಿಗಿದು ವಾಲ್ವನ್ನು ಪೂರ್ತಿ ತಿರುವಿಬಿಟ್ಟೆ.

ಕೂಗಿತು. ಆ ತಗಡಿನ ಅಂಗಡಿ ಅದುರುವ ಹಾಗೆ ಕೂಗಿತು. ರೈಲ್ವೆ ಗೇಟಿನ ಬಳಿ ನಿಂತು ಕೇಳುತ್ತಿದ್ದ ಕೂಗೇ. ಟ್ಯಾಂಕಿನ ಗಾಳಿ ಇಳಿಯುತ್ತ ಬಂದ ಹಾಗೆ ಸ್ವರ ಕುಗ್ಗಿ, ಸೀಳಿ, ಕೊನೆಗೆ ಬರೀ ಉಸಿರಾಗಿ ನಿಂತಿತು. ಎದುರಿನ ಅಂಗಡಿಯಿಂದ ಟೈಲರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದ. ಬೀದಿಯ ತುದಿಯಿಂದ ಮೇಷ್ಟ್ರು ಬರಿಗಾಲಲ್ಲಿ ಬಂದರು. ಅವನು ಕೂತಿರುವುದನ್ನು ನೋಡಿ ಇಬ್ಬರೂ ಬಾಗಿಲಲ್ಲೇ ನಿಂತರು.

ಅವನು ಅವರನ್ನು ನೋಡಲೇ ಇಲ್ಲ. ನಾಚಿಕೆಪಡುತ್ತಾನೆ, ತಲೆ ತಗ್ಗಿಸುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಅರಳಿತ್ತು. ಕಣ್ಣಲ್ಲಿ ನೀರು.

"ಅದೇ ಕಣ್ಲಾ" ಅಂದ. "ಅದೇ ಕೂಗು. ನಮ್ ಸಂಜೆ ಗಾಡೀದು."

ಅದೇ ಅಂತ ನನಗೂ ಗೊತ್ತಿತ್ತು. ಇಬ್ಬರೂ ಒಟ್ಟಿಗೆ ಕೇಳೋಣ ಅಂದಿದ್ದ, ಒಟ್ಟಿಗೇ ಕೇಳಿದ್ದೆವು. ಅವನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ.

"ಇನ್ನೊಂದ್ ಸಲ ಊದ್ಲಾ" ಅಂದ.

"ಗಾಳಿ ಮುಗೀತು" ಅಂದೆ.

ನನ್ನ ಹಿಂದೆ ಕಂಪ್ರೆಸರ್ ತಾನಾಗಿಯೇ ಶುರುವಾಗಿ ಗಡಗಡ ಸದ್ದು ಮಾಡುತ್ತ ಮತ್ತೆ ಗಾಳಿ ತುಂಬಿಕೊಳ್ಳುತ್ತಿತ್ತು. ಅದು ಅವನಿಗೂ ಕೇಳುತ್ತಿತ್ತು. ಶಿಳ್ಳೆ ಕೊಡು ಎಂದು ಮತ್ತೆ ಕೇಳದೆ ಎದ್ದು ಹೋದ.